ಆರ್ಡರ್ ಬರುವವರೆಗೆ

ಅಪ್ಪ ಬಸ್ಸನ್ನು ನೋಡಿದ್ದರು. ನಮ್ಮೆಲ್ಲರಿಗಿಂತ ಮೊದಲೇ ನೋಡಿದ್ದರು. ಇದನ್ನು ಆಮೇಲೆ ಅವರೇ ಹೇಳಿದ್ದು. ಚಾರ್ಮಾಡಿ ಘಾಟಿಯ ಆ ತಿರುವು ನೆನಪಾದಾಗ ಇವತ್ತಿಗೂ ನನ್ನ ಬೆನ್ನು ತಣ್ಣಗಾಗುವುದು ಬಸ್ಸಿನಿಂದಲ್ಲ, ಅಪ್ಪನ ಈ ಮಾತಿನಿಂದ. ಕಣ್ಣು ಕಂಡಿದೆ, ಕೈ ಸ್ಟಿಯರಿಂಗಿನ ಮೇಲಿದೆ, ಕಾಲು ಬ್ರೇಕಿನ ಪಕ್ಕದಲ್ಲೇ ಇದೆ, ಆದರೂ ಜೀಪು ಅದೇ ವೇಗದಲ್ಲಿ ಹೋಗುತ್ತಿದೆ. ವಯಸ್ಸು ನಲವತ್ತು ದಾಟಿದ ಮೇಲೂ ನಾನು ಬಟ್ಟೆ ಒಗೆಯುವಾಗ, ಉತ್ತರ ಪತ್ರಿಕೆ ತಿದ್ದುವಾಗ, ಆ ಜೀಪಿನ ಹಿಂದಿನ ಸೀಟಿಗೆ ಹೋಗಿ ಕುಳಿತುಬಿಡುತ್ತೇನೆ. ಪ್ರತಿಸಲವೂ ಅಕ್ಕನ ಬಾಯಿ ತೆರೆದಿರುತ್ತದೆ, ಸ್ವರ ಇರುವುದಿಲ್ಲ. ಆ ಕೆಲವು ಕ್ಷಣಗಳು ಘಾಟಿಯಲ್ಲಿ ಹುಟ್ಟಿದವಲ್ಲ. ಅವು ನಮ್ಮ ಮನೆಯ ಚಾವಡಿಯಲ್ಲಿ ವಾರಗಟ್ಟಲೆ ತಯಾರಾಗಿದ್ದವು.

ಗುರುವಾಯನಕೆರೆ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಹಂಚಿನ ಮನೆ. ಮುಂದೆ ಉದ್ದನೆಯ ಚಾವಡಿ, ಹಿಂದೆ ಅಡುಗೆಮನೆ. ನಡುವಿನ ಗೋಡೆ ಹಂಚಿನ ಮಾಡಿಗೆ ತಾಗುತ್ತಿರಲಿಲ್ಲ, ಹಾಗಾಗಿ ಒಗ್ಗರಣೆಯ ಘಾಟು ಆ ಕಡೆಯಿಂದ ಈ ಕಡೆಗೂ ಜಗಳದ ಮಾತು ಈ ಕಡೆಯಿಂದ ಆ ಕಡೆಗೂ ಸಲೀಸಾಗಿ ದಾಟುತ್ತಿದ್ದವು. ನಾನು ಹುಟ್ಟುವ ಮೊದಲಿನಿಂದ ಅಪ್ಪ ಸರ್ವಿಸ್ ಜೀಪು ಓಡಿಸುತ್ತಿದ್ದವರು. ಗುರುವಾಯನಕೆರೆಯಿಂದ ಬೆಳ್ತಂಗಡಿ, ಉಜಿರೆ, ಕಕ್ಕಿಂಜೆ ದಾಟಿ ಚಾರ್ಮಾಡಿಯವರೆಗೆ ಅವರ ಟ್ರಿಪ್ಪು. ಹಿಂದೆ ಎದುರುಬದುರು ಸೀಟು, ಮೇಲೆ ಟಾರ್ಪಾಲು, ಹಿಂಬದಿಯಲ್ಲಿ ನೇತಾಡುವ ಹುಡುಗರು. ಜೀಪಿನಲ್ಲಿ ಬೆಲ್ಲಿಲ್ಲ, ಕಂಡಕ್ಟರ್ ಇಲ್ಲ. ಇಳಿಯಬೇಕಾದವರು ಪಕ್ಕದ ತಗಡಿಗೆ ಅಂಗೈಯಿಂದ ಟಪಟಪನೆ ಬಡಿಯಬೇಕು. ಅಪ್ಪ ಹಿಂದೆ ತಿರುಗುತ್ತಿರಲಿಲ್ಲ, ಯಾರೆಂದು ಕೇಳುತ್ತಿರಲಿಲ್ಲ, ಮಾತು ಅರ್ಧಕ್ಕೆ ನಿಲ್ಲಿಸುತ್ತಲೂ ಇರಲಿಲ್ಲ. ಜೀಪು ಬದಿಗೆ ಸರಿದು ನಿಂತಿರುತ್ತಿತ್ತು. ಇಳಿದವರು ‘ರೈಟ್’ ಎಂದರೆ ಮತ್ತೆ ಹೊರಡುತ್ತಿತ್ತು. ಇಷ್ಟು ಭಾಷೆಯಲ್ಲಿ ಅವರು ಇಪ್ಪತ್ತು ವರ್ಷ ಗಾಡಿ ಓಡಿಸಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಜೀಪನ್ನು ತಮ್ಮ ಗೆಳೆಯ ಹಮೀದಾಕನ ಕೈಗೆ ಕೊಟ್ಟು ಗಲ್ಫಿಗೆ ಹೋದರು. ಡ್ರೈವರ್ ಕೆಲಸವೆಂದು ಕರೆಸಿಕೊಂಡಿದ್ದರು. ಆದರೆ ನಮ್ಮ ಲೈಸೆನ್ಸು ಅಲ್ಲಿ ನಡೆಯುವುದಿಲ್ಲ, ಅಲ್ಲಿನ ಟೆಸ್ಟು ಪಾಸಾಗಬೇಕು. ಪಾಸಾಗುವವರೆಗೆ ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸ. ಮೊದಲನೆಯ ಸಲ ಪಕ್ಕದಲ್ಲಿ ಕುಳಿತ ಆಫೀಸರ್ ‘ಪುಲ್ ಓವರ್’ ಎಂದರಂತೆ. ಪುಲ್ ಎಂದರೆ ಎಳೆಯುವುದು ಎಂದು ಅಪ್ಪನಿಗೆ ಗೊತ್ತಿತ್ತು. ಏನನ್ನು ಎಳೆಯುವುದೆಂದು ತಿಳಿಯದೆ ಹ್ಯಾಂಡ್‌ಬ್ರೇಕ್ ಎಳೆದರು. ಎರಡನೆಯ ಸಲದ ಹೊತ್ತಿಗೆ ಕೆಲವು ಶಬ್ದ ಕಲಿತಿದ್ದರು. ಈ ಸಲ ಆಫೀಸರ್ ಬಾಯಿ ತೆರೆಯುವ ಮೊದಲೇ, ಇಲ್ಲಿ ನಿಲ್ಲಿಸಲು ಹೇಳುತ್ತಾರೆ ಎಂದು ಊಹಿಸಿ ನಿಲ್ಲಿಸಿದರು. ಇಳಿಯುವಾಗ ಆತ ಹೇಳಿದ್ದಿಷ್ಟೇ: ನಾನು ಹೇಳಿದ ಮೇಲೆ ಮಾಡು. ಮೂರನೆಯದರಲ್ಲೂ ಫೇಲಾದರೆ ಊರಿಗೆ ಕಳಿಸುತ್ತೇವೆಂದು ಕಂಪೆನಿಯವರು ಹೇಳಿದ್ದರು. ಆ ಮೂರನೆಯದರ ಮೊದಲು ಸಿಕ್ಕ ರಜೆಯಲ್ಲಿ ಅಪ್ಪ ಮನೆಗೆ ಬಂದಿದ್ದರು. ಪೆಟ್ಟಿಗೆಯಲ್ಲಿ ನಮಗೆ ಸಾಬೂನು, ಬಟ್ಟೆ, ಖರ್ಜೂರ. ತಲೆಯಲ್ಲಿ ಆಫೀಸರ್ ಹೇಳಿದ ಆ ಒಂದು ವಾಕ್ಯ.

ಬಂದ ಮಾರನೆಯ ದಿನವೇ ಚಾವಡಿ ಕಾರಾಯಿತು. ಎರಡು ಸ್ಟೂಲು ಮುಂದಿನ ಸೀಟು, ಹಿಂದೆ ಚಾಪೆ, ಕೈಯಲ್ಲಿ ಹಿಡಿದ ಸ್ಟೀಲಿನ ಬಟ್ಟಲು ಸ್ಟಿಯರಿಂಗು. ನನ್ನ ಅಕ್ಕ ವಾರಿಜ ಆಗ ಮೂಡುಬಿದಿರೆಯಲ್ಲಿ ಡಿಗ್ರಿ ಓದುತ್ತಿದ್ದಳು. ಅವಳೇ ಆಫೀಸರ್. ಕಾಲೇಜಿನ ಪಾಠಗಳಲ್ಲಿ ಅವಳು ಕಂಡ ಇಂಗ್ಲಿಷ್ ಬೇರೆ. ಅಲ್ಲಿ ಗಾಡಿ ಹಿಂದೆ ಹೋಗುವುದಕ್ಕೆ, ನಿಲ್ಲುವುದಕ್ಕೆ, ಹೊರಡುವುದಕ್ಕೆ ಒಂದೊಂದೇ ಗಂಭೀರ ಶಬ್ದ. ಅಪ್ಪ ಕೇಳಿಕೊಂಡು ಬಂದದ್ದು ಬೀದಿಯ ಇಂಗ್ಲಿಷ್. ಬ್ಯಾಕ್ ಅಪ್, ಸ್ಲೋ ಡೌನ್, ಸ್ಪೀಡ್ ಅಪ್, ಗೋ ಅಹೆಡ್. ಪುಲ್ ಒಂದಕ್ಕೇ ಎಷ್ಟು ಬಾಲ! ಪುಲ್ ಓವರ್ ಎಂದರೆ ಬದಿಗೆ ತಂದು ನಿಲ್ಲಿಸು. ಪುಲ್ ಔಟ್ ಎಂದರೆ ಬದಿಯಿಂದ ರಸ್ತೆಗೆ ಬಾ. ಪುಲ್ ಅಪ್ ಎಂದರೆ ಇಲ್ಲೇ ನಿಲ್ಲಿಸು. ಅಕ್ಕ ಡಿಕ್ಷನರಿಯಲ್ಲಿ ಬೆರಳಿಟ್ಟು ಓದಿ ಹೇಳುತ್ತಿದ್ದಳು.

“ಈ ಇಂಗ್ಲಿಷಿನವರು ಎಲ್ಲ ಬಾಲದಲ್ಲಿ ಇಟ್ಟಿದ್ದಾರಲ್ಲ ಮಾರಾಯ್ತಿ,” ಎಂದರು ಅಪ್ಪ. “ತಲೆ ನೋಡಿ ಹೋದರೆ ಫೇಲು.”

“ಬಾಲ ಬರುವವರೆಗೆ ಕಾಯಿರಿ ಅಪ್ಪ. ಅಷ್ಟೇ.”

“ಅಪ್ಪ ಅಲ್ಲ. ನೀನು ಆಫೀಸರು. ನಾನು ನಿನಗೆ ಸರ್ ಹೇಳ್ಬೇಕು.”

ಅಂದಿನಿಂದ ಚಾವಡಿಯಲ್ಲಿ ಅಪ್ಪ ಮಗಳಿಗೆ ಸರ್ ಎನ್ನತೊಡಗಿದರು. ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಳು.

“ಮಗಳಿಗೆ ಸರ್ ಆಯ್ತು. ನನಗೆ ಎಂತ ಹೇಳ್ತೀರಿ ಇನ್ನು?”

“ನಿನಗೆ ಮದುವೆಯಾದಂದಿನಿಂದ ಮೇಡಮ್ಮೇ.”

ಮೊದಮೊದಲು ಹೀಗೆ ನಗು ಇತ್ತು. ಟೆಸ್ಟಿನ ಕೊನೆಗೆ ಆಫೀಸರ್ ಹೇಳುವ ‘ಗೆಟ್ ಔಟ್’ ಅಕ್ಕನ ಬಾಯಿಂದ ಹೊರಡಲೇ ಇಲ್ಲ. ನಮ್ಮ ಕಡೆ ಆ ಮಾತನ್ನು ಮನೆಯಿಂದ ಓಡಿಸುವವರಿಗೆ ಮಾತ್ರ ಹೇಳುವುದು. ಅಪ್ಪ ಅವಳನ್ನು ಪುಸಲಾಯಿಸಿದರು. “ಅದು ಬೈಗುಳ ಅಲ್ಲ ಮಗಾ. ಗಾಡಿಯಿಂದ ಇಳಿ ಅಂತ ಅಷ್ಟೇ. ಹೇಳು, ಪರವಾಗಿಲ್ಲ.” ಅಕ್ಕ ಗೋಡೆ ನೋಡಿಕೊಂಡು ಹೇಳಿದಳು. ಅಪ್ಪ ವಿಧೇಯವಾಗಿ ಸ್ಟೂಲಿನಿಂದ ಎದ್ದು ಅಂಗಳಕ್ಕೆ ಹೋದರು. ಅಮ್ಮ ಸೌಟು ಹಿಡಿದು ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಆಮೇಲೆ ಊಟಕ್ಕೂ ನಿಯಮ ಬಂತು. ಗಂಜಿ ಬಡಿಸಿ, ಮೀನು ಬಡಿಸಿ, ಉಪ್ಪಿನಕಾಯಿ ಹಾಕಿದರೂ ಅಪ್ಪ ಕೈ ಇಡುತ್ತಿರಲಿಲ್ಲ. ಅಕ್ಕ ‘ಗೋ ಅಹೆಡ್’ ಎನ್ನಬೇಕು. ಅವಳು ಬಸ್ಸಿನಲ್ಲಿ ನಿಂತು ಬಂದು ಸುಸ್ತಾಗಿ ಮರೆತರೆ, ಗಂಜಿ ಕೆನೆಗಟ್ಟುವವರೆಗೂ ಕಾಯುತ್ತಿದ್ದರು. ಇದು ಆಟವೆಂದು ನಾನು ತಿಳಿದಿದ್ದೆ. ಅಪ್ಪನಿಗೆ ಆಟವಾಗಿರಲಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಅವರ ಎಡಭುಜ ಇಳಿದುಹೋಗಿತ್ತು. ಅಂಗಿ ತೊಡುವಾಗ ಅವರು ಗೋಡೆಗೆ ಒರಗುವುದನ್ನು ಅಮ್ಮ ನೋಡಿಯೂ ನೋಡದಂತೆ ಇದ್ದಳು.

ಅಮ್ಮನಿಗೂ ನನಗೂ ಒಂದು ಕೆಲಸವಿತ್ತು. ಅಲ್ಲಿ ಟೆಸ್ಟಿನ ಗಾಡಿಯಲ್ಲಿ ಸರದಿಗೆ ಕಾಯುವವರು ಹಿಂದೆ ಕುಳಿತಿರುತ್ತಾರಂತೆ. ಮಾತಾಡುತ್ತಾರೆ, ದೇವರ ಹೆಸರು ಹೇಳುತ್ತಾರೆ, ಹೆದರಿಸುತ್ತಾರೆ. ಅವರಿಗೆ ಕಿವಿಗೊಟ್ಟರೆ ಕೆಟ್ಟಿತು. ಹಾಗಾಗಿ ನಾವು ಚಾಪೆಯ ಮೇಲೆ ಕುಳಿತು ತುಳುವಿನಲ್ಲಿ ಗಲಾಟೆ ಮಾಡಬೇಕು, ಅಪ್ಪ ಕೇಳಿಸಿಕೊಳ್ಳಬಾರದು. ದನ ಅಡ್ಡ ಬಂತು ಎನ್ನುತ್ತಿದ್ದೆ. ಟೈರು ಹೋಯಿತು ಎನ್ನುತ್ತಿದ್ದಳು ಅಮ್ಮ. ಮೊದಲ ದಿನಗಳಲ್ಲಿ ಅಪ್ಪನ ಕುತ್ತಿಗೆ ತಾನಾಗಿ ತಿರುಗುತ್ತಿತ್ತು, ನಾವು ಗೆದ್ದೆವೆಂದು ನಗುತ್ತಿದ್ದೆವು. ದಿನ ಕಳೆದಂತೆ ಕುತ್ತಿಗೆ ಗಟ್ಟಿಯಾಯಿತು. ಅವರ ಹಿಂದಲೆಯನ್ನು ನೋಡುತ್ತಾ ನಾನು ಕಿರಿಚುತ್ತಿದ್ದೆ, ಅದು ಗೋಡೆಗೆ ಕಿರಿಚಿದಂತೆ ಇರುತ್ತಿತ್ತು.

ಒಂದು ಸಂಜೆ ಅಮ್ಮ ನಡುವೆ ಎದ್ದು ಒಲೆ ನೋಡಲು ಹೋದವಳು, ಗಂಜಿ ಬಸಿಯುವಾಗ ಕೈಮೇಲೆ ಚೆಲ್ಲಿಕೊಂಡಳು. ಅವಳ ಕೂಗು ಗೋಡೆಯ ಮೇಲಿಂದ ನೇರವಾಗಿ ಬಂತು. ನಾನು ಓಡಿದೆ. ಅಕ್ಕನೂ ಎದ್ದಳು. ಅಪ್ಪ ಬಟ್ಟಲು ಹಿಡಿದು ಮುಂದೆ ನೋಡುತ್ತಾ ಕುಳಿತೇ ಇದ್ದರು. ಅಕ್ಕ “ಅಪ್ಪಾ, ಸ್ಟಾಪ್! ಗೆಟ್ ಔಟ್!” ಎಂದ ಮೇಲೆಯೇ ಅವರು ಎದ್ದದ್ದು. ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು, ಮುಖದಲ್ಲಿ ಒಂದು ಬಗೆಯ ಹಿಗ್ಗಿನಿಂದ ಹೇಳಿದರು.

“ನೋಡಿದ್ಯಾ? ನಾನು ತಿರುಗಲೇ ಇಲ್ಲ.”

ಅಮ್ಮ ನೀರಿನಲ್ಲಿ ಅದ್ದಿದ್ದ ಕೈಯನ್ನು ಮೇಲೆತ್ತಿ ತೋರಿಸಿದಳು. ಚರ್ಮ ಕೆಂಪಾಗಿ ಉಬ್ಬಿತ್ತು. ಅಪ್ಪನ ಹಿಗ್ಗು ಮುಖದಲ್ಲೇ ಸತ್ತಿತು.

“ನಿಮಗೆ ಕೇಳ್ಲಿಲ್ವಾ?”

“ಕೇಳಿತು.”

“ಕೇಳಿಯೂ ಕೂತದ್ದಾ?”

“ಆಟ ಅಂತ ಎಣಿಸಿದೆ.”

“ನನ್ನ ಸ್ವರ ಆಟದ್ದು ಯಾವುದು, ನಿಜದ್ದು ಯಾವುದು ಅಂತ ಗೊತ್ತಾಗುವುದಿಲ್ಲವಾ ನಿಮಗೆ? ಇಂಗ್ಲಿಷ್ ಕಲಿತದ್ದು ಸಾಕು. ನಿಲ್ಲಿಸಿ.”

ಅವರು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಊರಿಗೆ ವಾಪಸು. ವಾಪಸಾದವನೆನಿಸಿಕೊಂಡು ಪೇಟೆಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆಂಬುದೇ ಅವರ ಚಿಂತೆ. ಕೈಗೆ ಮುಲಾಮು ಹಚ್ಚಿದರು, ಎರಡು ದಿನ ತಾವೇ ಪಾತ್ರೆ ತೊಳೆದರು. ಮೂರನೆಯ ದಿನ ಹಮೀದಾಕನ ಹತ್ತಿರ ಹೋಗಿ ಮಧ್ಯಾಹ್ನದ ಹೊತ್ತಿಗೆ ಜೀಪು ಕೇಳಿಕೊಂಡು ಬಂದರು. ಇನ್ನು ನಿಜವಾದ ರಸ್ತೆಯಲ್ಲಿ ಕಲಿಯುವುದು. ಅಲ್ಲಿ ಬಲಕ್ಕೆ ಓಡಿಸುವುದು, ಇಲ್ಲಿ ಎಡಕ್ಕೆ. ಆದರೂ ಕಿವಿ ಪಳಗಿದರೆ ಸಾಕು, ಕೈ ತಾನೇ ತಿರುಗುತ್ತದೆ ಎಂಬುದು ಅವರ ಲೆಕ್ಕ.

ಮೊದಲು ಬಂಟ್ವಾಳದ ದಿಕ್ಕಿಗೆ, ಬಿ.ಸಿ.ರೋಡಿನವರೆಗೆ ಹೋದೆವು. ಹಮೀದಾಕನೂ ಹಿಂದೆ ಕುಳಿತು ಬಂದಿದ್ದ. ಬಿ.ಸಿ.ರೋಡಿನಲ್ಲಿ ಪ್ರೈವೇಟ್ ಬಸ್ಸುಗಳು ನಾಲ್ಕೂ ಕಡೆಯಿಂದ ನುಗ್ಗುತ್ತಿದ್ದವು. ಅಕ್ಕ ಆಜ್ಞೆ ಕೊಡುವಷ್ಟರಲ್ಲಿ ಸಂದರ್ಭವೇ ಬದಲಾಗುತ್ತಿತ್ತು. ಅಪ್ಪ ಸರ್ಕಲಿನ ಹತ್ತಿರ ಜೀಪು ನಿಲ್ಲಿಸಿ ಅವಳ ಮಾತಿಗೆ ಕಾದರು. ಹಿಂದಿನಿಂದ ಹಾರ್ನಿನ ಮಳೆ. ಗಲ್ಫಿಗೆ ಹೋಗುವ ಮೊದಲು ಅದೇ ಜಾಗದಲ್ಲಿ ಅವರು ಬೀಡಾ ಜಗಿಯುತ್ತಾ ಒಂದು ಕೈಯಲ್ಲಿ ಜೀಪು ತಿರುಗಿಸಿದ್ದನ್ನು ನಾನೇ ನೋಡಿದ್ದೆ.

“ಸಂಜೀವಣ್ಣ, ನೀವು ಗಲ್ಫಿಗೆ ಹೋದದ್ದು ಕಲಿಯಲಿಕ್ಕಾ, ಮರೆಯಲಿಕ್ಕಾ?” ಎಂದ ಹಮೀದಾಕ.

ಅಪ್ಪ ಮುಂದಿನ ಗಾಜನ್ನೇ ನೋಡುತ್ತಿದ್ದರು. ಹಿಂದಿನ ಸೀಟಿನ ಮಾತಿಗೆ ಉತ್ತರ ಕೊಡಬಾರದಲ್ಲ. ಅವನು ನನ್ನ ಕಡೆ ನೋಡಿ ಹುಬ್ಬೇರಿಸಿದ. ನಗಲು ನನಗೆ ಆಗಲಿಲ್ಲ.

ಬಿ.ಸಿ.ರೋಡ್ ಸರಿಯಾಗುವುದಿಲ್ಲ, ಗಲಾಟೆ ಇಲ್ಲದ ಕಡೆ ಹೋಗುವ ಎಂದು ಅಪ್ಪ ಘಾಟಿಯನ್ನು ಆರಿಸಿದರು. ಆದಿತ್ಯವಾರ, ಅಕ್ಕನಿಗೆ ರಜೆ. ಅಮ್ಮ ನೀರುದೋಸೆ, ಚಟ್ನಿ ಕಟ್ಟಿದಳು. ಅವಳಿಗೆ ಇದು ತಿರುಗಾಟ. ಕೈಯ ಸುಟ್ಟಗಾಯ ಮಾಗಿತ್ತು. ಹಸಿರು ಗಾಜಿನ ಬಳೆ ತೊಟ್ಟಿದ್ದಳು. ಕಕ್ಕಿಂಜೆಯಲ್ಲಿ ಚಾ ಕುಡಿದೆವು. ಹೋಟೆಲಿನವನಿಗೆ ಅಪ್ಪನ ಗುರುತಿತ್ತು, “ಓ, ಗಲ್ಫ್!” ಎಂದು ಎದ್ದು ನಿಂತ. ಅಪ್ಪ ಭುಜ ನೆಟ್ಟಗೆ ಮಾಡಿಕೊಂಡು ನಕ್ಕರು. ಅಲ್ಲಿಂದ ಮುಂದೆ ಟೆಸ್ಟು ಶುರು. ಅಕ್ಕ ಎಡಗಡೆ ಮುಂದೆ, ನಾನೂ ಅಮ್ಮನೂ ಹಿಂದೆ ಎದುರುಬದುರು. ಚಾರ್ಮಾಡಿ ದಾಟಿ ಘಾಟಿ ಏರುವವರೆಗೂ ಎಲ್ಲ ಚೆನ್ನಾಗಿಯೇ ನಡೆಯಿತು. ಸ್ಲೋ ಡೌನ್ ಎಂದರೆ ನಿಧಾನ, ಸ್ಪೀಡ್ ಅಪ್ ಎಂದರೆ ಜೋರು. ಅಕ್ಕನ ಸ್ವರದಲ್ಲಿ ಮೊದಲ ಬಾರಿಗೆ ಆಫೀಸರಿನ ಗತ್ತು ಬಂದಿತ್ತು. ಅಪ್ಪ “ಯೆಸ್ ಸರ್” ಎನ್ನುತ್ತಿದ್ದರು. ಅಮ್ಮ ದೋಸೆಯ ಡಬ್ಬಿಯನ್ನು ಮಡಿಲಲ್ಲಿಟ್ಟು ಹೊರಗಿನ ಕಾಡು ನೋಡುತ್ತಿದ್ದಳು.

ಆ ತಿರುವಿನಲ್ಲಿ ಕಣಿವೆ ಎಡಕ್ಕಿತ್ತು. ಮೇಲಿನಿಂದ ಮರದ ದಿಮ್ಮಿ ತುಂಬಿದ ಲಾರಿ ಇಳಿಯುತ್ತಿತ್ತು. ಅದರ ಬೆನ್ನಿಗೇ ಒಂದು ಬಸ್ಸು. ತಿರುವಿನ ಬಾಯಲ್ಲಿ ಆ ಬಸ್ಸು ಲಾರಿಯ ಮಗ್ಗುಲಿಂದ ಹೊರಗೆ ಬಂತು. ಒಂದು ಗಳಿಗೆಯಲ್ಲಿ ರಸ್ತೆಯ ನಮ್ಮ ಭಾಗದಲ್ಲಿ ರಸ್ತೆಯೇ ಇರಲಿಲ್ಲ, ಬಸ್ಸಿನ ಮುಖ ಮಾತ್ರ ಇತ್ತು. ನಮ್ಮ ಎಡಕ್ಕೆ, ರಸ್ತೆಯಂಚಿನ ಕಟ್ಟೆಕಲ್ಲಿನ ಈಚೆಗೆ, ಜೀಪು ಹಿಡಿಯುವಷ್ಟು ಮಣ್ಣಿನ ಜಾಗವಿತ್ತು. ಅದನ್ನು ನಾನು ನೋಡಿದೆ. ನಾನು ನೋಡಿದ್ದು ಅಪ್ಪ ನೋಡದೆ ಇರುತ್ತಾರೆಯೇ? ಜೀಪು ತನ್ನ ಪಾಡಿಗೆ ಹೋಗುತ್ತಿತ್ತು. ಅಕ್ಕನ ಬಾಯಿ ತೆರೆದಿತ್ತು. ಕೈ ಡ್ಯಾಶ್‌ಬೋರ್ಡ್ ಹಿಡಿದಿತ್ತು. ಸ್ವರ ಹೊರಡಲಿಲ್ಲ. ನಾನು ಕಿರಿಚಿದೆ, ತುಳುವಿನಲ್ಲಿ, ನನಗೆ ಬೇರೆ ಯಾವ ಭಾಷೆಯೂ ಆಗ ಇರಲಿಲ್ಲ. ಅಮ್ಮನೂ ಕೂಗಿದಳು. ಅಪ್ಪನ ಹಿಂದಲೆ ಅಲುಗಲಿಲ್ಲ. ಚಾವಡಿಯಲ್ಲಿ ಹೇಗಿತ್ತೋ ಹಾಗೆಯೇ ನೆಟ್ಟಗೆ, ಗಟ್ಟಿಯಾಗಿ ಇತ್ತು. ಅವರು ಕಾಯುತ್ತಿದ್ದರು.

ಆಗ ಅಮ್ಮ ಕೂಗುವುದನ್ನು ಬಿಟ್ಟಳು. ದೋಸೆಯ ಡಬ್ಬಿ ಕಾಲಬುಡಕ್ಕೆ ಬಿತ್ತು. ಬಗ್ಗಿ ಕೈಯನ್ನು ಹೊರಕ್ಕೆ ಹಾಕಿ ಪಕ್ಕದ ತಗಡಿಗೆ ಟಪಟಪನೆ ಬಡಿದಳು, ಕಕ್ಕಿಂಜೆಯಲ್ಲಿ ಇಳಿಯಬೇಕಾದ ಹೆಂಗಸು ಬಡಿಯುವ ಹಾಗೆ. ಜೀಪು ಎಡಕ್ಕೆ ಸರಿಯಿತು. ಎಷ್ಟು ನಯವಾಗಿ ಸರಿಯಿತೆಂದರೆ ನಾನು ಸೀಟಿನಿಂದ ಜಾರಲೂ ಇಲ್ಲ. ಮಣ್ಣಿನ ಮೇಲೆ ಹೋಗಿ, ಕಟ್ಟೆಕಲ್ಲಿನ ಪಕ್ಕ ನಿಂತಿತು. ಬಸ್ಸು ಹಾರ್ನು ಕೂಗುತ್ತಾ ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ಲಾರಿ ಹೋಯಿತು. ಆಮೇಲೆ ಡೀಸೆಲ್ಲಿನ ಹೊಗೆ, ಇಂಜಿನ್ನಿನ ಸದ್ದು, ಕೆಳಗೆಲ್ಲೋ ನೀರು ಬೀಳುವ ಸದ್ದು. ನನ್ನ ಲಂಗದ ಮೇಲೆ ಹಸಿರು ಗಾಜಿನ ಚೂರುಗಳಿದ್ದವು. ಅಮ್ಮನ ಮಣಿಕಟ್ಟಿನಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು.

ಯಾರೂ ‘ರೈಟ್’ ಎನ್ನಲಿಲ್ಲ. ಅಪ್ಪ ಸ್ಟಿಯರಿಂಗಿನಿಂದ ಕೈ ತೆಗೆಯದೆ ಮಾತಾಡಿದರು. ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದಂತಹ ಸ್ವರ.

“ನಾನು ನೋಡಿದ್ದೆ. ಬಸ್ಸು ಹೊರಗೆ ಬರುವಾಗಲೇ ನೋಡಿದ್ದೆ. ಆರ್ಡರ್ ಬರಲಿಲ್ಲ.”

ಅಕ್ಕ ಅಳಲು ಶುರುಮಾಡಿದಳು. “ನನಗೆ ಶಬ್ದ ಬರಲಿಲ್ಲ ಅಪ್ಪ. ಗೊತ್ತಿತ್ತು. ಬಾಯಿಗೆ ಬರಲಿಲ್ಲ.”

“ನಿನ್ನದು ತಪ್ಪಲ್ಲ ಮಗಾ.”

“ಯಾರದ್ದು ಮತ್ತೆ?” ಎಂದಳು ಅಮ್ಮ. ಜೋರಾಗಿ ಅಲ್ಲ. ಸೆರಗನ್ನು ಮಣಿಕಟ್ಟಿಗೆ ಸುತ್ತುತ್ತಿದ್ದಳು. “ಎರಡು ಮಕ್ಕಳನ್ನು ಹಿಂದೆ ಮುಂದೆ ಕೂರಿಸಿಕೊಂಡಿದ್ದೀರಿ. ನಿಮಗೆ ಕಣ್ಣು ಕೊಟ್ಟದ್ದು ದೇವರು, ಆ ಆಫೀಸರಲ್ಲ.”

ಅಪ್ಪ ಕೆಳಗಿಳಿದು ಕಟ್ಟೆಕಲ್ಲಿನ ಮೇಲೆ ಕುಳಿತರು. ಎಷ್ಟೋ ಹೊತ್ತಿನ ಮೇಲೆ ಎದ್ದು ಬಂದು, ಅಮ್ಮ ಬಡಿದ ಜಾಗದ ತಗಡನ್ನು ಅಂಗೈಯಿಂದ ಸವರಿದರು. ಹಿಂದಿರುಗುವಾಗ ಅಕ್ಕ ನಮ್ಮ ಜೊತೆ ಹಿಂದೆ ಕುಳಿತಳು, ಮುಂದಿನ ಸೀಟು ಖಾಲಿ ಇತ್ತು. ನೀರುದೋಸೆಯನ್ನು ಯಾರೂ ಮುಟ್ಟಲಿಲ್ಲ. ಹಮೀದಾಕ ಮುರಿದ ಕನ್ನಡಿ ನೋಡಿ ಏನಾಯಿತೆಂದು ಕೇಳಿದಾಗ ಅಪ್ಪ, “ನಾನು ನೋಡ್ತಾ ಕೂತೆ ಮಾರಾಯ,” ಎಂದರು. ಅವನಿಗೆ ಅರ್ಥವಾಗಲಿಲ್ಲ, ಮತ್ತೆ ಕೇಳಲೂ ಇಲ್ಲ.

ರಜೆ ಮುಗಿಯುವವರೆಗೆ ಚಾವಡಿಯಲ್ಲಿ ಸ್ಟೂಲುಗಳು ಮೂಲೆಯಲ್ಲಿದ್ದವು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಪ್ಪ ತಾವೇ ಅವನ್ನು ಎಳೆದು ನಡುವೆ ಇಟ್ಟು ಅಕ್ಕನನ್ನು ಕರೆದರು. ಅವಳು ಬರಲೊಲ್ಲೆ ಎಂದಳು. ಅಮ್ಮನೇ ಅವಳನ್ನು ದೂಡಿದಳು. ಈ ಸಲ ಅಪ್ಪ ಸರ್ ಎನ್ನಲಿಲ್ಲ.

“ನೀನು ಶಬ್ದ ಹೇಳು ಮಗಾ. ನಾನು ಶಬ್ದವನ್ನೂ ಕೇಳ್ತೇನೆ, ರಸ್ತೆಯನ್ನೂ ನೋಡ್ತೇನೆ. ಎರಡೂ ಆಗ್ತದಾ ನೋಡುವ.”

ಅಕ್ಕ ಹೇಳಿದಳು. ಅಪ್ಪ ಬಟ್ಟಲು ತಿರುಗಿಸಿದರು. ನಡುವೆ ನಾನು ಮೆಲ್ಲನೆ ತುಳುವಿನಲ್ಲಿ, ದನ ಬಂತು, ಎಂದೆ. ಅಪ್ಪ ತಿರುಗಿ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು.

ಅಕ್ಕ ಓದಿದ ಮೂಡುಬಿದಿರೆಯಲ್ಲೇ ನಾನೂ ಓದಿದೆ, ಇಂಗ್ಲಿಷನ್ನೇ ಆರಿಸಿಕೊಂಡೆ, ಈಗ ಅದನ್ನೇ ಕಲಿಸುತ್ತೇನೆ. ಪಾಠಗಳ ಇಂಗ್ಲಿಷ್ ಮಾತ್ರವಲ್ಲ, ಬಾಲವಿರುವ ಆ ಮಾತುಗಳನ್ನೂ ಕಲಿಸುತ್ತೇನೆ, ಏಕೆಂದರೆ ನಮ್ಮ ಮಕ್ಕಳಿಗೆ ಹೊರಗೆ ಹೋದ ಮೇಲೆ ಬೇಕಾಗುವುದು ಅವೇ. ಕ್ಲಾಸಿನಲ್ಲಿ ಯಾರಾದರೂ ನನ್ನ ಮುಖ ನೋಡಿಕೊಂಡು ಉತ್ತರಕ್ಕೆ ಕಾಯುತ್ತಾ ಕುಳಿತರೆ ನನ್ನ ತಾಳ್ಮೆ ತಪ್ಪುತ್ತದೆ. ತಪ್ಪಾದರೂ ಹೇಳು, ಹೇಳಿಬಿಡು, ಎಂದು ಗದರುತ್ತೇನೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ನನ್ನ ಬಲಗೈ ಹೊರಗಿನ ತಗಡಿನ ಮೇಲಿರುತ್ತದೆ. ಗಂಡ ಇದನ್ನು ನೋಡಿ ನಗುತ್ತಾರೆ. ನಗಲಿ ಎಂದು ಬಿಟ್ಟಿದ್ದೇನೆ. ಜೊತೆಗೆ ನಾನು ನೆನೆಸಿಕೊಳ್ಳುವುದು ಗಲ್ಫಿನಿಂದ ಅಪ್ಪ ಮಾಡಿದ ಒಂದು ಫೋನನ್ನು.

ಮೂರನೆಯ ಟೆಸ್ಟು ಆದ ದಿನ ಫೋನ್ ಮಾಡುವುದೆಂದು ಅಪ್ಪ ಹೇಳಿದ್ದರು. ಗುರುವಾಯನಕೆರೆಯ ಎಸ್.ಟಿ.ಡಿ. ಬೂತಿನಲ್ಲಿ ಸಂಜೆ ನಾವು ಮೂವರೂ ಕಾದೆವು. ಫೋನ್ ರಿಂಗಾದಾಗ ಒಬ್ಬರೇ ನಿಲ್ಲುವ ಆ ಪೆಟ್ಟಿಗೆಯೊಳಗೆ ಮೂವರೂ ತುರುಕಿಕೊಂಡು ರಿಸೀವರಿಗೆ ಕಿವಿ ಹಚ್ಚಿದೆವು.

“ಪುಲ್ ಓವರ್ ಸರಿಯಾಯ್ತು,” ಎಂದರು ಅಪ್ಪ. “ಬ್ಯಾಕ್ ಅಪ್ಪೂ ಸರಿಯಾಯ್ತು. ವಾರಿಜನಿಗೆ ಹೇಳು.”

“ಇಲ್ಲೇ ಇದ್ದಾಳೆ. ಅವಳಿಗೂ ಕೇಳ್ತಾ ಉಂಟು,” ಎಂದಳು ಅಮ್ಮ. “ಮತ್ತೆ?”

“ಸ್ಪೀಡ್ ಅಪ್ ಅಂದರು. ಆಗ ಒಬ್ಬ ಸೈಕಲಿನವ ಅಡ್ಡ ಬಂದ. ಆಫೀಸರ್ ಕಾಗದ ನೋಡ್ತಾ ಇದ್ದರು. ನಾನು ನಿಲ್ಲಿಸಿಬಿಟ್ಟೆ.”

“ಆರ್ಡರ್ ಇಲ್ಲದೆಯಾ?”

“ಆರ್ಡರ್ ಇಲ್ಲದೆ.”

ಅಮ್ಮ ಉಸಿರು ಹಿಡಿದದ್ದು ನನ್ನ ತೋಳಿಗೆ ಗೊತ್ತಾಯಿತು. “ಮತ್ತೆ? ಪಾಸಾ?”

“ಫೇಲು. ಯಾಕೆ ಅಂತ ಅವರು ಹೇಳುವುದಿಲ್ಲ. ಅದಕ್ಕೇ ಇರಬಹುದು, ಬೇರೆ ಎಂತದ್ದಕ್ಕೋ ಇರಬಹುದು.”

ಆ ಕಡೆ ಗಾಳಿಯಂತಹ ಸದ್ದು. ಅಕ್ಕ ಕಣ್ಣು ಮುಚ್ಚಿಕೊಂಡಳು. ವಾಪಸಾದವನೆಂದು ಪೇಟೆ ಏನನ್ನುತ್ತದೆ, ಮುಂದೆ ಹೇಗೆ, ಎಲ್ಲವೂ ಆ ಪೆಟ್ಟಿಗೆಯೊಳಗೆ ನಮ್ಮ ಜೊತೆ ಒತ್ತಿಕೊಂಡು ನಿಂತವು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

“ಸೈಕಲಿನವನಿಗೆ?”

“ಏನೂ ಆಗಲಿಲ್ಲ. ಹೋದ.”

“ಹಾಗಾದರೆ ಬನ್ನಿ. ಜೀಪು ಉಂಟು.”

ಆ ಕಡೆಯಿಂದ ಮತ್ತೆ ಅದೇ ಗಾಳಿಯ ಸದ್ದು. ಅಳುತ್ತಿದ್ದಾರೇನೋ ಎಂದು ನನಗೆ ಹೆದರಿಕೆಯಾಯಿತು. ಅಮ್ಮ ರಿಸೀವರನ್ನು ನಮ್ಮ ಕಿವಿಯಿಂದ ದೂರ ಹಿಡಿದು, ಬೂತಿನ ಪ್ಲೈವುಡ್ಡಿಗೆ ಅಂಗೈಯಿಂದ ಟಪಟಪನೆ ಬಡಿದಳು. ಹೊರಗೆ ನಿಂತಿದ್ದವರು ತಿರುಗಿ ನೋಡಿದರು.

“ಕೇಳಿತಾ?”

“ಕೇಳಿತು,” ಎಂದರು ಅಪ್ಪ. “ಇಳಿಯಿರಿ. ನಿಲ್ಲಿಸಿದ್ದೇನೆ.”